‘ಇಂಟರ್‌ನ್ಯಾಷನಲ್’ ರೆಫರಿ ಸೆಟ್ಟು: ಮಲೆನಾಡಿನ ಮಳೆಗೆ ಎಷ್ಟು ತಡೆಯುತ್ತೆ?

ಮೊದಲೇ ಹೇಳಿಬಿಡುತ್ತೇನೆ. ಫುಟ್ಬಾಲ್ ರೆಫರಿಯ ಸಾಮಾನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುವ ಈ ಸೆಟ್ಟಿನಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲದ ಸಾಮಾನು ಅಂದರೆ ವಿಶಲ್ ಮತ್ತು ಲೈನ್ ಬಾವುಟ ಎರಡೇ. ಕಾರ್ಡು ಪರವಾಗಿಲ್ಲ. ನೋಟ್ ಪುಸ್ತಕ ದಂಡ. ಸ್ಪ್ರೇ ನಮ್ಮ ಕಡೆಯ ಮೈದಾನಕ್ಕೆ ಮಾಡಿದ್ದೇ ಅಲ್ಲ. ಟೀ ಶರ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುವುದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ‘ಪಿಟಿ ಮಿಸ್’. ಖೋಖೋ, ಕಬಡ್ಡಿ, ವಾಲಿಬಾಲ್ ಎಲ್ಲಕ್ಕೂ ವಿಶಲ್ ಊದುತ್ತೇನೆ, ಆದರೆ ಇಷ್ಟ ಫುಟ್ಬಾಲ್. ಶಾಲಾ ಕ್ರೀಡಾಕೂಟಗಳು ಬರುವುದೇ ಮಳೆಗಾಲದಲ್ಲಿ. ಆಗಸ್ಟಿನಲ್ಲಿ ಆಗುಂಬೆ ಕಡೆಯ ಮಳೆ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಮೈದಾನದ ಅರ್ಧ ಕೆಸರು, ಇನ್ನರ್ಧ ಜಂಬಿಟ್ಟಿಗೆ ಕಲ್ಲು. ಚೆಂಡು ಸ್ವಲ್ಪ ಜೋರಾಗಿ ಹೋಯಿತು ಅಂದರೆ ಅಡಿಕೆ ತೋಟಕ್ಕೆ ಇಳಿದು ತರಬೇಕು. ತಂದವನ ಕಾಲಲ್ಲಿ ರಕ್ತ ಹೀರುವ ಉಂಬಳ ಗ್ಯಾರಂಟಿ.

ಸೆಟ್ಟು ತಂದಿದ್ದು ಶಿವಮೊಗ್ಗದ ಒಂದು ಕ್ರೀಡಾ ಸಾಮಾನಿನ ಅಂಗಡಿಯಿಂದ. ಸಾವಿರ ರೂಪಾಯಿ ಚಿಲ್ಲರೆ ಆಯಿತು. ಬ್ರ್ಯಾಂಡ್ ಹೆಸರು ಬರೆಯಲ್ಲ, ಯಾಕೆಂದರೆ ಇದೇ ಸೆಟ್ಟು ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಪೆಟ್ಟಿಗೆಯಲ್ಲಿ ಸಿಗುತ್ತೆ. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ‘ಇಂಟರ್‌ನ್ಯಾಷನಲ್’ ಅಂತಿದೆ. ಸರಿ, ಅವರೇ ಹಾಗೆ ಹೇಳಿಕೊಂಡ ಮೇಲೆ ನಿಜವಾದ ಇಂಟರ್‌ನ್ಯಾಷನಲ್ ರೆಫರಿಗಳ ಮಟ್ಟಕ್ಕೇ ಹಿಡಿದು ನೋಡೋಣ ಅಲ್ವಾ?

ವಿಶಲ್‌ನಿಂದ ಶುರು ಮಾಡುತ್ತೇನೆ. ನಮ್ಮ ಶಾಲೆಯಲ್ಲಿ ಇದ್ದದ್ದು ಹಳೇ ಸ್ಟೀಲ್ ವಿಶಲ್. ಒಳಗೆ ಬೆಂಡಿನ ಸಣ್ಣ ಗುಂಡು ಇರುತ್ತಲ್ಲ, ಆ ಜಾತಿ. ಈ ಜಾತಿಯ ಅಜ್ಜ ಅಂದರೆ ಇಂಗ್ಲೆಂಡಿನ ಬರ್ಮಿಂಗ್ಹ್ಯಾಮಿನಲ್ಲಿ ಜೋಸೆಫ್ ಹಡ್ಸನ್ ಮಾಡಿದ ಆಕ್ಮಿ ಥಂಡರರ್. 1884ರಷ್ಟು ಹಳೆಯದು, ಈಗಲೂ ಮಾಡುತ್ತಾರೆ. ಬೇಸಿಗೆಯಲ್ಲಿ ಇದರ ನಾದಕ್ಕೆ ಸಾಟಿ ಇಲ್ಲ. ಮಳೆಗಾಲದಲ್ಲಿ ಮಾತ್ರ ಬೆಂಡು ನೀರು ಕುಡಿದು ಊದಿಕೊಂಡು ಒಂದು ಮೂಲೆಗೆ ಅಂಟಿಕೊಂಡುಬಿಡುತ್ತೆ. ಊದಿದರೆ ಬರೀ ಗಾಳಿ. ಹುಡುಗರು ಆಡುತ್ತಲೇ ಇರುತ್ತಾರೆ, ನಾವು ಕೆನ್ನೆ ಉಬ್ಬಿಸಿಕೊಂಡು ನಿಂತಿರುತ್ತೇವೆ.

ಇದು ನಮ್ಮೂರಿನ ಕಷ್ಟ ಮಾತ್ರ ಅಲ್ಲ. ಕೆನಡಾದ ರಾನ್ ಫಾಕ್ಸ್‌ಕ್ರಾಫ್ಟ್ ಅಂತ ಒಬ್ಬರು ಬಾಸ್ಕೆಟ್‌ಬಾಲ್ ರೆಫರಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್ ನಡೆಸಿದವರು, ಅಂದರೆ ಸಾಮಾನ್ಯದವರಲ್ಲ. 1984ರಲ್ಲಿ ಬ್ರೆಜಿಲ್‌ನಲ್ಲಿ ಒಂದು ಪಂದ್ಯದ ನಡುವೆ ಫೌಲ್ ಆಯಿತು, ಇವರು ಊದಿದರು, ಗುಂಡು ಸಿಕ್ಕಿಕೊಂಡು ಶಬ್ದವೇ ಬರಲಿಲ್ಲ. ತವರಿನ ಜನ ತುಂಬಿದ್ದ ಸ್ಟೇಡಿಯಂ. ರೆಫರಿ ಬೇಕೆಂದೇ ಊದಲಿಲ್ಲ ಅಂತ ಅಂದುಕೊಂಡು ಗಲಾಟೆ. ಊರಿಗೆ ವಾಪಸ್ ಹೋದವರು ಗುಂಡೇ ಇಲ್ಲದ ವಿಶಲ್ ಮಾಡಿಸಲು ಹಟ ಹಿಡಿದು ಕೂತರು. 1987ರಲ್ಲಿ ಫಾಕ್ಸ್ 40 ಬಂತು. ಈಗ ವಿಶ್ವಕಪ್ಪಿನಿಂದ ಹಿಡಿದು ನಮ್ಮ ಶಿವಮೊಗ್ಗದ ನೆಹರೂ ಸ್ಟೇಡಿಯಂವರೆಗೂ ಕಾಣುವ ಗುಂಡಿಲ್ಲದ ವಿಶಲ್‌ಗಳೆಲ್ಲ ಆ ದಾರಿಯಲ್ಲೇ ಬಂದಂಥವು.

ನನ್ನ ಸೆಟ್ಟಿನಲ್ಲಿರುವುದೂ ಅದೇ ಬಗೆಯದ್ದು, ಹೆಸರು ಬೇರೆ ಅಷ್ಟೆ. ಕಪ್ಪು ಪ್ಲಾಸ್ಟಿಕ್. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಮೂರು ಸಣ್ಣ ಗೂಡು ಕಾಣುತ್ತವೆ. ಒಂದೊಂದು ಗೂಡಿನ ಸ್ವರ ಸ್ವಲ್ಪ ಸ್ವಲ್ಪ ಬೇರೆ. ಮೂರೂ ಒಟ್ಟಿಗೆ ಹೊರಟು ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದಲೇ ಆ ಕಿವಿ ಕೊರೆಯುವ ನಡುಕದ ಶಬ್ದ. ಒಳಗೆ ಅಲುಗಾಡುವಂಥದ್ದು ಏನೂ ಇಲ್ಲ, ಹಾಗಾಗಿ ಕೈ ಕೊಡುವಂಥದ್ದೂ ಇಲ್ಲ. ಮಳೆ ನೀರು ತುಂಬಿಕೊಂಡರೆ ಒಂದು ಸಲ ಕೊಡವಿದರೆ ಮುಗಿಯಿತು. ಕೆಸರಿನಲ್ಲಿ ಬಿದ್ದದ್ದನ್ನು ನಲ್ಲಿ ಕೆಳಗೆ ಹಿಡಿದು ತೊಳೆದು ಹಾಗೇ ಊದಿದ್ದೇನೆ. ತಗಡಿನ ಶೀಟಿನ ಮೇಲೆ ಮಳೆ ಬಡಿಯುವಾಗ ಪಕ್ಕದಲ್ಲಿದ್ದವರ ಮಾತೇ ಕೇಳಿಸುವುದಿಲ್ಲ. ಅಂಥ ಹೊತ್ತಿನಲ್ಲೂ ಆ ಕಡೆ ಗೋಲಿನ ಹುಡುಗ ತಿರುಗಿ ನೋಡುತ್ತಾನೆ. ಪೆಟ್ಟಿಗೆ ಮೇಲೆ ಇಷ್ಟು ಡೆಸಿಬಲ್ ಅಂತ ಏನೋ ಬರೆದಿದ್ದಾರೆ, ನನಗೆ ಈ ಲೆಕ್ಕವೇ ಸಾಕು.

ಒಂದು ಎಚ್ಚರಿಕೆ. ಮಕ್ಕಳ ಕಿವಿ ಹತ್ತಿರ ಇದನ್ನು ಊದಬೇಡಿ. ನಿಜವಾಗಿ ನೋವಾಗುತ್ತೆ. ಅಸೆಂಬ್ಲಿಗೆ, ಸಾಲು ಮಾಡಿಸುವುದಕ್ಕೆ ಹಳೇ ಸ್ಟೀಲ್ ವಿಶಲೇ ಸಾಕು.

ಇನ್ನೊಂದು ತಕರಾರು ದಾರದ್ದು. ಸೆಟ್ಟಿನಲ್ಲಿ ಕುತ್ತಿಗೆಗೆ ಹಾಕುವ ನೈಲಾನ್ ದಾರ ಕೊಟ್ಟಿದ್ದಾರೆ. ಟಿವಿಯಲ್ಲಿ ದೊಡ್ಡ ಪಂದ್ಯ ಬಂದಾಗ ಗಮನಿಸಿ, ರೆಫರಿಗಳ ಕುತ್ತಿಗೆಯಲ್ಲಿ ವಿಶಲ್ ಇರುವುದಿಲ್ಲ. ಮಣಿಕಟ್ಟಿಗೆ ಸುತ್ತಿಕೊಂಡಿರುತ್ತಾರೆ, ಇಲ್ಲಾ ಬೆರಳಿಗೆ ಸಿಕ್ಕಿಸಿಕೊಂಡಿರುತ್ತಾರೆ. ಓಡುವಾಗ ಬಾಯಲ್ಲಂತೂ ಇಟ್ಟುಕೊಳ್ಳುವುದಿಲ್ಲ. ಬಿದ್ದರೆ ಹಲ್ಲಿಗೆ ಏಟು ಅನ್ನುವುದು ಒಂದು. ಅದಕ್ಕಿಂತ ದೊಡ್ಡ ಕಾರಣ, ಕೈಯಿಂದ ಬಾಯಿಗೆ ಬರುವ ಆ ಒಂದು ಕ್ಷಣದಲ್ಲಿ ಚೆಂಡು ಎತ್ತ ಹೋಯಿತು ಅಂತ ಕಾಣುತ್ತೆ. ಫೌಲ್ ಆದ ತಂಡಕ್ಕೇ ಚೆಂಡು ಸಿಕ್ಕಿದ್ದರೆ ಊದದೆ ಎರಡೂ ಕೈ ಮುಂದೆ ಚಾಚಿ ‘ಆಡಿ’ ಅನ್ನಬಹುದು. ಬಾಯಲ್ಲೇ ಇದ್ದರೆ ಅಷ್ಟರಲ್ಲಿ ಊದಿ ಆಗಿರುತ್ತೆ. ಇನ್ನು ಥ್ರೋ ಇನ್, ಗೋಲ್ ಕಿಕ್, ಕಾರ್ನರ್, ಕಣ್ಣಿಗೆ ಕಾಣುವ ಗೋಲು, ಇವಕ್ಕೆ ವಿಶಲ್ ಬೇಕಿಲ್ಲ ಅಂತ ನಿಯಮದ ಪುಸ್ತಕವೇ ಹೇಳುತ್ತೆ. ಸುಮ್ನೆ ಎಲ್ಲದಕ್ಕೂ ಊದುತ್ತಿದ್ದರೆ ಬೇಕಾದಾಗ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ಆ ನೈಲಾನ್ ದಾರ ಕತ್ತರಿಸಿ ಮಣಿಕಟ್ಟಿನ ಅಳತೆಗೆ ಗಂಟು ಹಾಕಿಕೊಂಡೆ.

ಕಾರ್ಡುಗಳಿಗೆ ಬರೋಣ. ಪ್ಲಾಸ್ಟಿಕ್ ಆದ್ದರಿಂದ ನೆನೆಯುವ ಭಯ ಇಲ್ಲ. ಕೆಂಪು ಚೆನ್ನಾಗಿದೆ. ಹಳದಿ ಮಾತ್ರ ಸ್ವಲ್ಪ ಕಿತ್ತಳೆ ಕಡೆಗೆ ವಾಲಿದೆ. ಮಂಜು ಕವಿದ ಮಧ್ಯಾಹ್ನ ದೂರದಿಂದ ನೋಡಿದವರಿಗೆ ಎರಡರಲ್ಲಿ ಯಾವುದು ಅಂತ ಅನುಮಾನ ಬರಬಹುದು. ಬಣ್ಣ ನೋಡಿದ ಕೂಡಲೇ ಗೊತ್ತಾಗಲಿ ಅಂತ ತಾನೇ ಕಾರ್ಡು ಹುಟ್ಟಿದ್ದು!

ಅದನ್ನು ಹುಟ್ಟಿಸಿದವರು ಕೆನ್ ಆಸ್ಟನ್. ನಮ್ಮ ಪಂಗಡದವರೇ, ಇಂಗ್ಲೆಂಡಿನ ಸ್ಕೂಲ್ ಮಾಸ್ತರು. 1962ರ ವಿಶ್ವಕಪ್ಪಿನಲ್ಲಿ ಚಿಲಿ ಮತ್ತು ಇಟಲಿಯ ಪಂದ್ಯಕ್ಕೆ ಇವರೇ ರೆಫರಿ. ಸ್ಯಾಂಟಿಯಾಗೋದಲ್ಲಿ ಅವತ್ತು ನಡೆದದ್ದನ್ನು ಫುಟ್ಬಾಲ್ ಅನ್ನುವುದೇ ಕಷ್ಟ. ಇಟಲಿಯ ಇಬ್ಬರನ್ನು ಹೊರಗೆ ಹಾಕಿದರು. ಮೊದಲನೆಯವನು ಹೋಗಲ್ಲ ಅಂತ ಹಟ ಹಿಡಿದ, ಪೊಲೀಸರು ಬಂದು ಕರೆದುಕೊಂಡು ಹೋಗಬೇಕಾಯಿತು. ಮುಂದೆ 1966ರಲ್ಲಿ ಆಸ್ಟನ್ ಫುಟ್ಬಾಲಿನ ವಿಶ್ವ ಸಂಸ್ಥೆ ಫಿಫಾದ ರೆಫರಿಗಳ ಸಮಿತಿಯಲ್ಲಿದ್ದಾಗ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ಆಡಿದವು. ರೆಫರಿ ಜರ್ಮನಿಯವರು. ಅರ್ಜೆಂಟೀನಾದ ಕ್ಯಾಪ್ಟನ್ ರಟ್ಟಿನ್‌ನನ್ನು ಹೊರಗೆ ಕಳಿಸಿದರು. ರಟ್ಟಿನ್‌ಗೆ ಜರ್ಮನ್ ಬರಲ್ಲ, ರೆಫರಿಗೆ ಸ್ಪ್ಯಾನಿಷ್ ಬರಲ್ಲ. ನಿಮಿಷಗಟ್ಟಲೆ ಅಲ್ಲೇ ನಿಂತುಬಿಟ್ಟ. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಚಾರ್ಲ್ಟನ್ ಅಣ್ಣ ತಮ್ಮಂದಿರಿಗೆ ಎಚ್ಚರಿಕೆ ಕೊಟ್ಟಿದ್ದಾರೆ ಅಂತ ಅವರಿಗೇ ಗೊತ್ತಾಗಿದ್ದು ಪೇಪರ್ ನೋಡಿದ ಮೇಲೆ. ಆಸ್ಟನ್ ಕಾರಿನಲ್ಲಿ ಹೋಗುತ್ತಾ ಇದನ್ನೇ ಯೋಚಿಸುತ್ತಿದ್ದಾಗ ಲಂಡನ್ನಿನ ಒಂದು ಸಿಗ್ನಲ್ಲಿನಲ್ಲಿ ದೀಪ ಕೆಂಪಾಯಿತು. ಹಳದಿ ಅಂದರೆ ನಿಧಾನ ಮಾಡು, ಕೆಂಪು ಅಂದರೆ ನಿಲ್ಲು. ಯಾವ ದೇಶದವನಿಗೆ ಅರ್ಥ ಆಗಲ್ಲ ಹೇಳಿ? 1970ರ ಮೆಕ್ಸಿಕೋ ವಿಶ್ವಕಪ್ಪಿಗೆ ಕಾರ್ಡು ಬಂತು. ತಮಾಷೆ ಅಂದರೆ ಆ ಇಡೀ ವಿಶ್ವಕಪ್ಪಿನಲ್ಲಿ ಒಂದೂ ಕೆಂಪು ಕಾರ್ಡು ಹೊರಗೆ ಬರಲಿಲ್ಲ. ಮೊದಲ ಕೆಂಪು 1974ರಲ್ಲಿ, ಚಿಲಿಯ ಕಾರ್ಲೋಸ್ ಕಸೇಲಿಗೆ.

ಬಳಸುವವರಿಗೆ ಒಂದು ಮಾತು. ಎರಡೂ ಕಾರ್ಡು ಒಂದೇ ಜೇಬಿನಲ್ಲಿ ಇಡಬೇಡಿ. ಹಳದಿ ಎದೆ ಜೇಬಿನಲ್ಲಿ, ಕೆಂಪು ಹಿಂದಿನ ಜೇಬಿನಲ್ಲಿ ಇಡುವ ರೂಢಿ ದೊಡ್ಡ ರೆಫರಿಗಳಲ್ಲೂ ಇದೆ. ನಮ್ಮ ಹೆಂಗಸರ ಟ್ರ್ಯಾಕ್ ಪ್ಯಾಂಟಿಗೆ ಹಿಂದಿನ ಜೇಬು ಇಡಬೇಕು ಅಂತ ಯಾವ ಕಂಪನಿಗೂ ಹೊಳೆದಿಲ್ಲ. ಟೈಲರ್ ಹತ್ತಿರ ಹೊಲಿಸಿಕೊಂಡೆ.

ಈಗ ಪುಸ್ತಕ. ಸೆಟ್ಟಿನಲ್ಲಿ ಅತಿ ಕೆಟ್ಟ ಸಾಮಾನು ಇದು. ಅಂಗೈ ಅಗಲದ ರೆಕ್ಸಿನ್ ಪಾಕೀಟು, ಒಳಗೆ ತೆಳ್ಳನೆ ಹಾಳೆ, ಜೊತೆಗೆ ಗಿಡ್ಡ ಬಾಲ್ ಪೆನ್. ಮಳೆಯಲ್ಲಿ ತೆಗೆದರೆ ಹಾಳೆ ಬೆರಳಿಗೆ ಅಂಟಿಕೊಂಡು ಬರುತ್ತೆ, ಒದ್ದೆ ಕಾಗದದ ಮೇಲೆ ಪೆನ್ ಬರೆಯಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ಒಳಗಿರುವುದು ಉದ್ದಿನ ಹಿಟ್ಟು. ಎರಡು ಗೋಲಿನ ಲೆಕ್ಕ ಇಡುವುದಕ್ಕೆ ಇಷ್ಟು ರಗಳೆ ಯಾಕೆ ಅನ್ನಬೇಡಿ. ಪುಸ್ತಕದಲ್ಲಿ ಒಂದು ಗೆರೆ ಆಚೀಚೆ ಆದರೆ ಏನಾಗುತ್ತೆ ಅಂತ ಗ್ರಹಾಂ ಪೋಲ್ ಅವರನ್ನು ಕೇಳಬೇಕು.

2006ರ ಜೂನ್ 22, ಜರ್ಮನಿಯ ಸ್ಟುಟ್‌ಗಾರ್ಟ್, ವಿಶ್ವಕಪ್ ಪಂದ್ಯ. ಕ್ರೊಯೇಷಿಯಾ ಮತ್ತು ಆಸ್ಟ್ರೇಲಿಯಾ, ಸೋತವರು ಮನೆಗೆ. ಪೋಲ್ ಇಂಗ್ಲೆಂಡಿನ ಅತಿ ದೊಡ್ಡ ರೆಫರಿ ಆಗ, ಫೈನಲ್ ಕೂಡ ಸಿಗಬಹುದು ಅನ್ನುವ ಮಾತಿತ್ತು. ಕ್ರೊಯೇಷಿಯಾದ 3ನೇ ನಂಬರ್ ಯೋಸಿಪ್ ಶಿಮುನಿಚ್‌ಗೆ 61ನೇ ನಿಮಿಷದಲ್ಲಿ ಹಳದಿ ತೋರಿಸಿದರು. 90ನೇ ನಿಮಿಷದಲ್ಲಿ ಅವನಿಗೇ ಇನ್ನೊಂದು. ಎರಡು ಹಳದಿ ಅಂದರೆ ಕೆಂಪು. ಆದರೆ ಕೆಂಪು ಹೊರಗೆ ಬರಲಿಲ್ಲ. ಯಾಕೆ? ಶಿಮುನಿಚ್ ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ, ಮಾತೂ ಅಲ್ಲಿಯದೇ. ಪೋಲ್ ಆ ಎರಡನೇ ಹಳದಿಯನ್ನು ಪುಸ್ತಕದಲ್ಲಿ ಆಸ್ಟ್ರೇಲಿಯಾದ 3ನೇ ನಂಬರಿನ ಎದುರು ಬರೆದುಬಿಟ್ಟರು. ಆಟ ಮುಗಿಯುತ್ತಿದ್ದ ಹಾಗೆ ಅವನು ಜಗಳಕ್ಕೆ ಬಂದ, ಮೂರನೇ ಹಳದಿ ತೋರಿಸಿ ಆಮೇಲೆ ಕೆಂಪು. ಸಹಾಯಕರು, ನಾಲ್ಕನೇ ಅಧಿಕಾರಿ, ಕಿವಿಗೆ ಹೆಡ್‌ಸೆಟ್ಟು, ಎಲ್ಲ ಇತ್ತು. ಯಾರೂ ಹಿಡಿಯಲಿಲ್ಲ. ಪೋಲ್ ಆ ವಿಶ್ವಕಪ್ಪಿನಿಂದ ಮನೆಗೆ ಹೋದರು, ದೇಶ ದೇಶಗಳ ದೊಡ್ಡ ಟೂರ್ನಿಗಳಿಗೆ ಮತ್ತೆ ಬರಲಿಲ್ಲ. ಅಷ್ಟು ವರ್ಷದ ಕೆಲಸ ಎಲ್ಲ ಮರೆತು ಜನ ಇವತ್ತಿಗೂ ಕೇಳುವುದು ಅದೊಂದನ್ನೇ. ನನಗೆ ಅವರ ಬಗ್ಗೆ ಪಾಪ ಅನ್ನಿಸುತ್ತೆ.

ಹಾಗಾಗಿ ಸೆಟ್ಟಿನ ಪುಸ್ತಕ ಬಿಸಾಡಿ. ದಪ್ಪ ರಟ್ಟಿನ ತುಂಡಿಗೆ ಎರಡೂ ತಂಡದ ನಂಬರು ಮೊದಲೇ ಬರೆದುಕೊಂಡು, ಮೇಲೆ ಪ್ಲಾಸ್ಟಿಕ್ ಹಾಕಿ, ಸೀಸದ ಕಡ್ಡಿ ಇಟ್ಟುಕೊಳ್ಳಿ. ಸೀಸ ಒದ್ದೆ ರಟ್ಟಿನ ಮೇಲೂ ಬರೆಯುತ್ತೆ. ನಮ್ಮಲ್ಲಿ ಎರಡೂ ತಂಡ ಒಂದೇ ಬಣ್ಣದ ಜರ್ಸಿ ಹಾಕಿಕೊಂಡು ಬರುವುದೂ ಉಂಟು. ಅರ್ಧ ಗಂಟೆ ಕೆಸರಲ್ಲಿ ಆಡಿದ ಮೇಲಂತೂ ಎಲ್ಲರದೂ ಒಂದೇ ಬಣ್ಣ.

ಸ್ಪ್ರೇ ಬಗ್ಗೆ ಬೇಗ ಮುಗಿಸುತ್ತೇನೆ. ಫ್ರೀ ಕಿಕ್ ಆದಾಗ ಎದುರು ತಂಡದವರು ಸಾಲಾಗಿ ನಿಂತು ಕಟ್ಟುವ ‘ಗೋಡೆ’ 9.15 ಮೀಟರ್ ದೂರ ಇರಲಿ ಅಂತ ನೆಲಕ್ಕೆ ನೊರೆಯ ಗೆರೆ ಎಳೆಯುವುದು. 2014ರ ವಿಶ್ವಕಪ್ಪಿನಲ್ಲಿ ಎಲ್ಲರೂ ನೋಡಿದ್ದೇವೆ. ಕತ್ತರಿಸಿದ ಹುಲ್ಲಿನ ಮೇಲೆ ಚೆಂದ. ನಮ್ಮ ಕೆಸರಿನಲ್ಲಿ ನೊರೆ ಬಿದ್ದ ಜಾಗ ಹುಡುಕಬೇಕು. ಮಕ್ಕಳು ಶೇವಿಂಗ್ ಕ್ರೀಮ್ ಅಂತ ನಕ್ಕು ಆಟವನ್ನೇ ಬಿಟ್ಟರು. ಸುಣ್ಣದ ಗೆರೆಯನ್ನೇ ಮಳೆ ತೊಳೆದುಕೊಂಡು ಹೋಗುವ ಊರಲ್ಲಿ ನಾವು ಪೆನಾಲ್ಟಿ ಜಾಗಕ್ಕೆ ಕತ್ತದ ಹಗ್ಗ ಎಳೆದು ಗೂಟ ಹೊಡೆಯುತ್ತೇವೆ. ಗೋಡೆ ನಿಲ್ಲಿಸುವುದಕ್ಕೆ ಶೂ ಹಿಮ್ಮಡಿಯ ಗೆರೆ ಸಾಕು.

ಟಾಸ್ ನಾಣ್ಯ ಪ್ಲಾಸ್ಟಿಕ್ಕಿನದು, ಗಾಳಿಗೆ ಹಾರುತ್ತೆ. ಐದು ರೂಪಾಯಿ ನಾಣ್ಯ ಇಟ್ಟುಕೊಳ್ಳಿ. ಲೈನ್ ಬಾವುಟ ಎರಡೂ ಚೆನ್ನಾಗಿವೆ, ಹಿಡಿಗೆ ಸ್ಪಂಜು ಇರುವುದರಿಂದ ಒದ್ದೆ ಕೈಯಲ್ಲೂ ಜಾರಲ್ಲ. ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಈ ಬಾವುಟ ಹಿಡಿದು ಆಫ್‌ಸೈಡ್ ಹೇಳುವುದನ್ನು ನೋಡಬೇಕು. ಅಣ್ಣನೇ ಆಡುತ್ತಿದ್ದರೂ ಬಿಡಲ್ಲ.

ಇನ್ನು ಟೀ ಶರ್ಟ್. ಬಟ್ಟೆ ಪರವಾಗಿಲ್ಲ, ಬೇಗ ಒಣಗುತ್ತೆ. ಅಳತೆ ಮಾತ್ರ ಗಂಡಸರಿಗೆ ಹೊಲಿದದ್ದು, ನನ್ನ ಭುಜದಿಂದ ಇಳಿದು ಮೊಣಕೈಗೆ ಬರುತ್ತೆ. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಎದೆ ಮೇಲೆ ಫಿಫಾ ರೆಫರಿಗಳ ಬಿಲ್ಲೆಯ ಹಾಗೇ ಕಾಣುವ ಒಂದು ಚಿತ್ರ ಪ್ರಿಂಟ್ ಮಾಡಿದ್ದಾರೆ. ಇದು ಸರಿಯಲ್ಲ.

ಆ ಬಿಲ್ಲೆ ಅಂಗಡಿಯಲ್ಲಿ ಸಿಗುವುದಲ್ಲ. ಅದರ ಮೇಲೆ ಇಸವಿ ಇರುತ್ತೆ, ಆ ವರ್ಷಕ್ಕೆ ಮಾತ್ರ ಬೆಲೆ. ಜಿಲ್ಲೆ, ರಾಜ್ಯ ಅಂತ ಪರೀಕ್ಷೆ ಪಾಸು ಮಾಡಿಕೊಂಡು, ದೇಶದ ಮಟ್ಟದಲ್ಲಿ ಪಂದ್ಯ ನಡೆಸಿ, ಆಮೇಲೆ ನಮ್ಮ ಫುಟ್ಬಾಲ್ ಫೆಡರೇಷನ್ ಹೆಸರು ಕಳಿಸಬೇಕು. ರೆಫರಿ ಆಗುವುದಕ್ಕೆ ಕನಿಷ್ಠ 25 ವರ್ಷ, ಸಹಾಯಕ ರೆಫರಿಗೆ 23. ಓಟದ ಪರೀಕ್ಷೆ ಬೇರೆ. 40 ಮೀಟರನ್ನು 6 ಸೆಕೆಂಡಿನ ಒಳಗೆ ಓಡಬೇಕು, ನಡುವೆ ಒಂದೊಂದು ನಿಮಿಷ ಬಿಟ್ಟು ಆರು ಸಲ. ಅದಾದ ಮೇಲೆ 75 ಮೀಟರ್ ಓಟ 15 ಸೆಕೆಂಡಿನಲ್ಲಿ, 25 ಮೀಟರ್ ನಡಿಗೆ 18 ಸೆಕೆಂಡಿನಲ್ಲಿ, ಹೀಗೆ ನಲವತ್ತು ಸಲ. ಇದು ಗಂಡಸರ ಲೆಕ್ಕ. ಹೆಂಗಸರಿಗೆ ಸಮಯದಲ್ಲಿ ಸ್ವಲ್ಪ ರಿಯಾಯ್ತಿ ಇದೆ, ಆದರೆ ಗಂಡಸರ ಪಂದ್ಯ ನಡೆಸುವವರು ಗಂಡಸರ ಸಮಯದಲ್ಲೇ ಓಡಬೇಕು. ನಮ್ಮ ಮೈದಾನದಲ್ಲಿ ಅಳತೆ ಹಾಕಿ ಹತ್ತನೇ ಕ್ಲಾಸಿನ ಹುಡುಗರಿಗೆ ಓಡಿಸಿ ನೋಡಿದೆ. ಕಬಡ್ಡಿಯಲ್ಲಿ ಹುಲಿಗಳಂತೆ ಇದ್ದವರು ಅರ್ಧಕ್ಕೇ ಕೂತರು.

ಇಷ್ಟೆಲ್ಲ ಮಾಡುವವರಲ್ಲಿ ತುಂಬಾ ಜನಕ್ಕೆ ಇದೊಂದೇ ಕೆಲಸವೂ ಅಲ್ಲ. 2002ರ ವಿಶ್ವಕಪ್ ಫೈನಲ್ ನಡೆಸಿದ ಇಟಲಿಯ ಕೊಲಿನಾ, ಆ ಬೋಳು ತಲೆ, ದೊಡ್ಡ ಕಣ್ಣಿನವರು, ಹಣಕಾಸಿನ ಸಲಹೆಗಾರರಾಗಿದ್ದರು. 2010ರ ಫೈನಲ್ಲಿನ ಹೋವರ್ಡ್ ವೆಬ್ ಪೊಲೀಸ್ ಆಗಿದ್ದವರು. ನೆದರ್ಲೆಂಡ್ಸಿನ ಕೈಪರ್ಸ್‌ಗೆ ಸೂಪರ್ ಮಾರ್ಕೆಟ್ ಇತ್ತು. ಭಾರತದಿಂದ ಗಂಡಸರ ವಿಶ್ವಕಪ್ಪಿಗೆ ಆಟಗಾರರು ಹೋಗಲಿಲ್ಲ, ಆದರೆ 2002ರಲ್ಲಿ ತಮಿಳುನಾಡಿನ ಕೆ. ಶಂಕರ್ ಸಹಾಯಕ ರೆಫರಿಯಾಗಿ ಬಾವುಟ ಹಿಡಿದು ಹೋಗಿದ್ದರು. ಗೋವಾದ ಉವೆನಾ ಫರ್ನಾಂಡಿಸ್ 2016ರಲ್ಲಿ ಜೋರ್ಡಾನಿನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪಿನಲ್ಲಿದ್ದರು. ಈ ಹೆಸರುಗಳನ್ನು ನಮ್ಮ ಪಠ್ಯದಲ್ಲಿ ಎಲ್ಲೂ ನೋಡಿಲ್ಲ, ಅದು ಬೇರೆ ಮಾತು.

ಪೋಲೆಂಡಿನ ರೆಫರಿ ಮಾರ್ಚಿನ್ಯಾಕ್ ಕತೆ ನನಗೆ ತುಂಬಾ ಇಷ್ಟ. ಹೃದಯದ ಬಡಿತದ ತೊಂದರೆ ಬಂದು 2021ರಲ್ಲಿ ನಡೆದ ಯುರೋಪಿನ ದೇಶಗಳ ಯೂರೋ ಟೂರ್ನಿ ತಪ್ಪಿತು. ಮುಂದಿನ ವರ್ಷ ಡಿಸೆಂಬರ್ 18ಕ್ಕೆ ಕತಾರಿನ ಲುಸೈಲ್‌ನಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ಫೈನಲ್, ವಿಶಲ್ ಅವರ ಕೈಯಲ್ಲಿ. 3-3 ಆಗಿ ಪೆನಾಲ್ಟಿಗೆ ಹೋದ ಆ ಪಂದ್ಯ ನೆನಪಿದೆ ಅಲ್ವಾ? ಮೆಸ್ಸಿಯ ಎರಡನೇ ಗೋಲಿನ ಹೊತ್ತಿಗೆ ಅರ್ಜೆಂಟೀನಾದ ಬದಲಿ ಆಟಗಾರರು ಮೈದಾನಕ್ಕೆ ಇಳಿದಿದ್ದರು, ಆ ಗೋಲು ಕೊಡಬಾರದಿತ್ತು ಅಂತ ಫ್ರಾನ್ಸ್ ಕಡೆಯಿಂದ ತಕರಾರು ಎದ್ದಿತು. ಮಾರ್ಚಿನ್ಯಾಕ್ ಪತ್ರಕರ್ತರ ಮುಂದೆ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಎಂಬಾಪೆ ಗೋಲು ಹೊಡೆಯುವಾಗ ಫ್ರಾನ್ಸಿನವರೇ ಏಳು ಜನ ಒಳಗೆ ಬಂದಿದ್ದರು!

ಅದೇ ವಿಶ್ವಕಪ್ಪಿನಲ್ಲಿ, ಡಿಸೆಂಬರ್ 1ರಂದು, ಜರ್ಮನಿ ಮತ್ತು ಕೋಸ್ಟರಿಕಾ ಪಂದ್ಯಕ್ಕೆ ಫ್ರಾನ್ಸಿನ ಸ್ಟೆಫನಿ ಫ್ರಾಪಾರ್ ರೆಫರಿ. ಗಂಡಸರ ವಿಶ್ವಕಪ್ಪಿನಲ್ಲಿ ಮೊದಲ ಸಲ ಹೆಣ್ಣುಮಗಳು. ಎರಡು ಬಾವುಟವೂ ಹೆಂಗಸರ ಕೈಯಲ್ಲಿ, ಬ್ರೆಜಿಲ್‌ನ ನ್ಯೂಜಾ ಬಾಕ್ ಮತ್ತು ಮೆಕ್ಸಿಕೋದ ಕರೆನ್ ಡಿಯಾಜ್. ಜರ್ಮನಿ 4-2ರಲ್ಲಿ ಗೆದ್ದರೂ ಮನೆಗೆ ಹೋಯಿತು, ಆಟ ಬಿಸಿಯಾಗಿತ್ತು. ಮಾರನೇ ದಿನ ಅವರ ತೀರ್ಪಿನ ಬಗ್ಗೆ ಯಾರೂ ಜಗಳ ಆಡಲಿಲ್ಲ. ನಾನು ಆ ಪಂದ್ಯದಲ್ಲಿ ಚೆಂಡಿಗಿಂತ ಜಾಸ್ತಿ ನೋಡಿದ್ದು ಅವರ ಕಾಲನ್ನು. ಮುಂದಕ್ಕೆ ಓಡುವಾಗಲೂ ಆಗಾಗ ಓರೆಯಾಗಿ, ಅಡ್ಡ ಹೆಜ್ಜೆ ಹಾಕುತ್ತಾ, ಚೆಂಡೂ ಆಟಗಾರರೂ ಒಟ್ಟಿಗೆ ಕಣ್ಣಿಗೆ ಸಿಗುವ ಹಾಗೆ. ಮಾರನೇ ವಾರ ಅದನ್ನೇ ಮಕ್ಕಳಿಗೆ ಹೇಳಿಕೊಟ್ಟೆ.

ಹಾಗಾಗಿ ಆ ಸುಳ್ಳು ಬಿಲ್ಲೆ ಎದೆ ಮೇಲೆ ಇಟ್ಟುಕೊಳ್ಳುವುದಕ್ಕೆ ಮನಸ್ಸು ಬರಲಿಲ್ಲ. ಅದರ ಮೇಲೆ ಕಪ್ಪು ಬಟ್ಟೆಯ ಜೇಬು ಹೊಲಿಸಿದೆ. ಹಳದಿ ಕಾರ್ಡಿಗೆ ಜಾಗ ಆಯಿತು. ಅಳತೆ ಬದಲಾಯಿಸಿ ಕೊಡಿ ಅಂತ ಅಂಗಡಿಯಲ್ಲಿ ಕೇಳಿದ್ದಕ್ಕೆ, ‘ಲೇಡೀಸ್ ಸೈಜ್ ಬರಲ್ಲ ಮೇಡಂ, ಯಾರೂ ಕೇಳಲ್ಲ’ ಅಂದರು. ನಾನು ಕೇಳುತ್ತಿದ್ದೇನಲ್ಲ ಅಂದೆ. ನಕ್ಕರು, ಸೈಜ್ ಮಾತ್ರ ಬರಲಿಲ್ಲ.

ತಗೊಳ್ಳಬೇಕಾ ಅಂತ ಪಕ್ಕದ ಹೋಬಳಿಯ ಪಿಟಿ ಸರ್ ಫೋನ್ ಮಾಡಿ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಸೆಟ್ಟು ಬೇಡ. ಗುಂಡಿಲ್ಲದ ವಿಶಲ್ ಎರಡು ಬಿಡಿಯಾಗಿ ತಗೊಳ್ಳಿ, ಒಂದು ಕಳೆದುಹೋಗೇ ಹೋಗುತ್ತೆ. ಕಾರ್ಡು ಹಗಲು ಬೆಳಕಿಗೆ, ಅಂಗಡಿ ಹೊರಗೆ ತಂದು ನೋಡಿ ತಗೊಳ್ಳಿ. ಬಾವುಟ ಇದೇ ಥರದ್ದು ಬಿಡಿಯಾಗಿ ಸಿಕ್ಕರೆ ಬಿಡಬೇಡಿ. ಎಲ್ಲ ಸೇರಿ ಸೆಟ್ಟಿನ ಅರ್ಧ ದುಡ್ಡೂ ಆಗಲ್ಲ. ಶಾಲೆಯ ಲೆಕ್ಕಕ್ಕೆ ತಗೊಳ್ಳುವುದಾದರೆ ಜಿಎಸ್‌ಟಿ ಬಿಲ್ ಅಲ್ಲೇ ನಿಂತು ಬರೆಸಿಕೊಳ್ಳಿ. ನಾಳೆ ಕಳಿಸ್ತೀವಿ ಅಂದವರು ಕಳಿಸಿದ್ದನ್ನು ನಾನಂತೂ ನೋಡಿಲ್ಲ.